ಹಿತ್ತಾಳೆ ಕಡಲಿನ ಇಪ್ಪತ್ತು ನಿಮಿಷ

ವಿಜಯದಶಮಿಯ ಬೆಳಿಗ್ಗೆ ಎಂಟೂವರೆಗೆ ಭೋಜರಾಜ ನಮ್ಮ ಬಾಗಿಲಲ್ಲಿ ನಿಂತಿದ್ದ. ಹೆಸರಿನಲ್ಲಿ ಅರ್ಧ ಭೋಜನವಿದ್ದರೂ ಹೊಟ್ಟೆಯಲ್ಲಿ ಅಗುಳಿದ್ದಂತೆ ಕಾಣಲಿಲ್ಲ. ಬೋರಮ್ಮನವರು ತಮ್ಮ ತಟ್ಟೆಯ ಉಪ್ಪಿಟ್ಟನ್ನು ಎರಡು ಪಾಲು ಮಾಡಿ ಒಂದನ್ನು ಅವನ ಮುಂದಕ್ಕೆ ತಳ್ಳಿದರು.

"ಮೊದ್ಲು ತಿನ್ನು. ಆಮ್ಯಾಕೆ ಅಳುವಂತೆ."

"ಅಳಾಕೆ ಬಂದಿಲ್ಲಮ್ಮ. ಕೆಲಸ ಹೋದ್ರೆ ಹೋಗ್ಲಿ, ಹೆಸರು ಹೋಯ್ತಲ್ಲ! ಟೀ ಅಂಗಡಿ ಮುಂದೆ, ಎಲ್ಲಾರ ಎದುರಿಗೆ, 'ಕುಡಿದು ಕೆಲಸ ಮಾಡೋನು' ಅಂದ್ಬಿಟ್ರು ರಾಯರು. ನಾನು ಕುಡಿಯೋದು ಬಿಟ್ಟು ಒಂಬತ್ತು ವರ್ಷ ಆಯ್ತು. ಇನ್ನು ಪಲ್ಲಾವರದಾಗೆ ಯಾವ ವರ್ಕ್‌ಶಾಪಿನೋನು ನನ್ನ ಕೈಗೆ ಸ್ಪ್ಯಾನರ್ ಕೊಡ್ತಾನೆ ಹೇಳಿ?"

ಇದು ನಡೆದದ್ದು ಎರಡು ಸಾವಿರದ ಮೂರರಲ್ಲಿ. ನಾನು, ಹಾಸನದ ಪಾವನಾ, ಪೆರುಂಗುಡಿಯ ಕಂಪನಿಯೊಂದರಲ್ಲಿ ಯಾರೂ ಓದದ ಕೈಪಿಡಿಗಳನ್ನು ಬರೆಯುತ್ತ, ಮದ್ರಾಸಿನ ಅಂಚಿನ ಪಲ್ಲಾವರಂನಲ್ಲಿ ಬೋರಮ್ಮನವರ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಮಂಡ್ಯ ಕಡೆಯ ಬೋರಮ್ಮನವರು ಮದ್ರಾಸಿನ ರೈಲ್ವೆ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾದವರು. ಯಾರು ಎಷ್ಟು ನಿಮಿಷ ತಡ, ಆ ನಿಮಿಷಗಳಿಗೆ ಯಾವ ಸುಳ್ಳು ಎಂದು ಮುಖ ನೋಡಿಯೇ ಹೇಳುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಹೀಗಾಗಿ ಸುತ್ತಲ ನಾಲ್ಕು ಬೀದಿಗಳಲ್ಲಿ ಏನು ಕಳೆದರೂ ಕೆಟ್ಟರೂ ಜನ ಪೊಲೀಸರಿಗಿಂತ ಮೊದಲು ನಮ್ಮ ಮನೆಯ ಕರೆಗಂಟೆ ಒತ್ತುತ್ತಿದ್ದರು. ಅವರೊಂದಿಗಿದ್ದ ನಾಲ್ಕು ವರ್ಷದಲ್ಲಿ ನನಗೆ ಒಮ್ಮೆಯೂ ಬೋರಾಗಲಿಲ್ಲ.

"ಕೆಟ್ಟಿದ್ದೇನು?" ಎಂದರು ಬೋರಮ್ಮ.

ಭೋಜರಾಜ ಉಪ್ಪಿಟ್ಟಿನ ಮಧ್ಯೆ ಹೇಳಿದ್ದು ಇಷ್ಟು. ಕಮಲಾಕರ ರಾಯರು ಚಲಿಸುವ ಶಿಲ್ಪ ಮಾಡುವವರು. ಅವನು ಹದಿನಾರು ವರ್ಷದಿಂದ ಅವರ ಫಿಟ್ಟರ್. ಈ ಸಲ ಮಾಡಿದ್ದು 'ಕಡಲು'. ಹತ್ತಡಿ ಉದ್ದದ ಪೀಠ, ಅದರಲ್ಲಿ ನೆಟ್ಟಗೆ ನಿಂತ ಅರವತ್ತು ಹಿತ್ತಾಳೆ ಕಡ್ಡಿಗಳು. ಒಂದು ತುದಿಯಲ್ಲಿ ಆಳೆತ್ತರಕ್ಕೆ ಸ್ವಲ್ಪ ಕಡಿಮೆಯ ದೊಡ್ಡ ಚಕ್ರ. ಚಕ್ರ ತಿರುಗಿದರೆ ಕಡ್ಡಿಗಳು ಒಂದಾದ ಮೇಲೊಂದು ಏಳುತ್ತ ಬೀಳುತ್ತ ಅಲೆಗಳಾಗುತ್ತವೆ. ಮಂಗಳವಾರ ಪೆರುಂಗುಡಿಯ ಒಂದು ಕಂಪ್ಯೂಟರ್ ಕಂಪನಿಯ ಹಜಾರದಲ್ಲಿ ಅದರ ಉದ್ಘಾಟನೆ.

"ಚಕ್ರ ಗಂಟೆಗೆ ಒಂದೇ ಸುತ್ತಮ್ಮ. ಅಷ್ಟರಾಗೆ ಮೂರು ಆಟ. ಒಂದು ಆಟ ಇಪ್ಪತ್ತು ನಿಮಿಷ. ಏನೋ ಕಮ್ಮಿ ಇದೆ ಕಣೋ ಅಂತ ರಾಯರು ಒಂದೇ ಸಮ ಗೊಣಗ್ತಿದ್ರು. ಶುಕ್ರವಾರ ಸಾಯಂಕಾಲ ನಾನೇ ಹೇಳ್ದೆ, ಚಕ್ರದ ಒಳಗಡೆ ಅಂಚಿನಾಗೆ ಮೂರು ಕಡೆ ಸಣ್ಣ ಕಚ್ಚು ಉಜ್ತೀನಿ ಅಂತ. ಉಜ್ಜಿದ ಮೇಲೆ ಆಟದ ಕೊನೇಲಿ ಅರವತ್ತೂ ಕಡ್ಡಿ ಒಂದೇ ಮಟ್ಟಕ್ಕೆ ಬಂದು, ಹತ್ತು ಎಣಿಸೋವರೆಗೆ ನಿಂತ್ವು. ಇದ್ದಿದ್ದು ನಾವಿಬ್ರೇ. ರಾಯರು ಕನ್ನಡಕ ತೆಗೆದು ಕಣ್ಣು ಒರೆಸ್ಕೊಂಡ್ರು. ಸ್ವಿಚ್ ಆರಿಸಿ ಬೇರಿಂಗಿನ ನಟ್ಟು ಬಿಗಿ ಮಾಡ್ದೆ."

"ಆಮ್ಯಾಕೆ?"

"ನಿನ್ನೆ ಶನಿವಾರ ಆಯುಧಪೂಜೆ. ರಾಯರ ಮನೇಲಿ ಬೊಟ್ಟಿಟ್ಟ ಮಿಷನ್ನು ಮಾರನೇ ದಿನದವರೆಗೂ ಮುಟ್ಟೋ ಹಂಗಿಲ್ಲ. ಊಟ ಮಾಡಿ ಒಂದೂವರೆಗೆ ಮನೆಗೆ ಹೋದೆ. ಬೆಳಿಗ್ಗೆ ಏಳಕ್ಕೆ ರಾಯರು ಸ್ವಿಚ್ ಹಾಕಿದ್ರು. ಕರಕರ ಅಂತು, ಏಳು ಕಡ್ಡಿ ಸೊಟ್ಟಗಾದ್ವು. ನೋಡಿದ್ರೆ ಬೇರಿಂಗಿನ ನಟ್ಟು ಸಡಿಲ. ನಟ್ಟು ಬಿಗಿಯೋನು ನಾನು ತಾನೆ?"

ಬೋರಮ್ಮ ಕೈ ತೊಳೆದು ಚಪ್ಪಲಿ ಹುಡುಕತೊಡಗಿದರು.

---

ರಾಯರ ಷೆಡ್ಡು ಮನೆಯ ಪಕ್ಕದಲ್ಲೇ. ಮದ್ರಾಸಿನ ಒಳಗಿನ ತಿರುವಲ್ಲಿಕ್ಕೇಣಿಯಲ್ಲಿ ಮೂರು ತಲೆಮಾರು ಕಳೆದ ಮಾಧ್ವ ಮನೆತನ. ಡ್ರಾಯಿಂಗ್ ಆಫೀಸಿನ ಕೆಲಸದಿಂದ ನಿವೃತ್ತರಾದ ಮೇಲೆ ರಾಯರು ಇಲ್ಲಿಗೆ ಬಂದಿದ್ದರು. ಭೋಜರಾಜ ಗೇಟಿನ ಹೊರಗೇ ನಿಂತ. ರಾಯರು ಅವನತ್ತ ನೋಡಲಿಲ್ಲ.

"ಬಾಮ್ಮಾ ಬೋರಮ್ಮಾ. ಅವನು ಕಳಿಸಿದ್ನಾ? ಹದಿನಾರು ವರ್ಷ ಸ್ವಂತ ತಮ್ಮನ ಹಾಗೆ ನಂಬಿದ್ದೆ. ಮಂಗಳವಾರ ಫಂಕ್ಷನ್ನು. ಇವನು ನಟ್ಟು ಬಿಗಿಯಲೇ ಇಲ್ಲ. ಸರಿ, ಮರೆತೆ ಅಂತ ಒಪ್ಪಿಕೊಳ್ಳಬಹುದು ತಾನೆ? ಇಲ್ಲ, ಬಿಗಿದಿದ್ದೇನೆ ಅಂತ ಸಾಧಿಸ್ತಾನೆ. ಕೋಪ ಬಂದುಬಿಟ್ಟಿತು."

"ಬೆಳಿಗ್ಗೆ ಸ್ವಿಚ್ಚು ಎಷ್ಟೊತ್ತು ಹಾಕಿದ್ರಿ?"

"ಮೂರು ಉಸಿರು ಅಷ್ಟೇ. ಸದ್ದು ಬಂತು, ಆರಿಸಿಬಿಟ್ಟೆ."

ಕಡಲು ಷೆಡ್ಡಿನ ನಡುವೆ ನಿಂತಿತ್ತು. ಮಧ್ಯದ ಏಳು ಕಡ್ಡಿಗಳು ಒಂದಕ್ಕೊಂದು ತಲೆಕೊಟ್ಟು ಬಾಗಿದ್ದವು. ಕಡ್ಡಿಗಳೆಲ್ಲ ಥಳಥಳ ಹೊಳೆಯುತ್ತಿದ್ದರೂ ದೊಡ್ಡ ಚಕ್ರ ಮಾತ್ರ ಕಪ್ಪಿಟ್ಟಿತ್ತು. ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಹಳೆ ಸಾಮಾನಿನ ರಾಶಿಯಲ್ಲಿ ಸಿಕ್ಕ ಚಕ್ರವದು. ಆ ಕಪ್ಪು ಹಾಗೇ ಇರಲಿ ಎಂದು ರಾಯರು ತಿಕ್ಕಿಸಿರಲಿಲ್ಲ. ಕೆಳಗೆ, ಚಕ್ರಕ್ಕೂ ಪೀಠದ ಹಲಗೆಗೂ ನಡುವೆ ಎರಡು ಬೆರಳಿನಷ್ಟು ಸಂದು.

ಬೋರಮ್ಮ ಚಕ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದರು. ನೆತ್ತಿಯ ಮೇಲೆ ಕುಂಕುಮದ ಬೊಟ್ಟಿತ್ತು. ಚಕ್ರವನ್ನು ಗಡಿಯಾರವೆಂದುಕೊಂಡರೆ, ನಾಲ್ಕರ ಜಾಗದಲ್ಲಿ ಬಟ್ಟೆಯಿಂದ ಒರೆಸಿದಂಥ ಇನ್ನೊಂದು ಕೆಂಪು ಗುರುತು. ಹತ್ತರ ಜಾಗದಲ್ಲಿ ಅಂಚು ಒಂದು ಗೇಣುದ್ದ ಹೊಸ ತಂಬಿಗೆಯ ಹಾಗೆ ಮಿಂಚುತ್ತಿತ್ತು.

"ಕಲೆಯ ಮೇಲೂ ಕಲೆ," ಎಂದೆ ನಾನು. ಯಾರೂ ನಗಲಿಲ್ಲ.

"ಬೊಟ್ಟು ಇಟ್ಟೋರು ಯಾರು?" ಎಂದು ಬೋರಮ್ಮ ಕೇಳಿದರು.

"ನಾನೇ," ಎಂದರು ಕಾಫಿ ತಂದ ನೀರಜಮ್ಮ, ರಾಯರ ಹೆಂಡತಿ. "ಪ್ರತಿಯೊಂದಕ್ಕೂ ಗಂಧ ಇಟ್ಟು, ಅದರ ಮೇಲೆ ಕುಂಕುಮ. ಗಂಧ ಇಲ್ಲದೆ ನಮ್ಮಲ್ಲಿ ಯಾರೂ ಇಡೋದಿಲ್ಲಮ್ಮ. ಚಕ್ರಕ್ಕೆ ನೆತ್ತಿ ಮೇಲೆ, ಒಂದೇ ಬೊಟ್ಟು."

ಲೇತು, ಡ್ರಿಲ್ಲು, ಸುತ್ತಿಗೆ ಎಲ್ಲದರ ಮೇಲೂ ಒಣಗಿದ ಗಂಧದ ಹಳದಿ ಬಿಲ್ಲೆ, ನಡುವೆ ಕುಂಕುಮ. ಬೋರಮ್ಮ ಚಕ್ರದ ನೆತ್ತಿಯ ಬೊಟ್ಟನ್ನು ಉಗುರಿನಿಂದ ಕೆರೆದು ನೋಡಿದರು. ಬರೀ ಕುಂಕುಮ. ಅವರು ಸೆರಗಿಗೆ ಬೆರಳು ಒರೆಸಿಕೊಂಡರು.

"ಇನ್ನೇನಾದ್ರೂ ಕಾಣೆಯಾಗೈತಾ?"

"ಕಾಣೆ ಅಂದ್ರೆ... ತಟ್ಟೇಲಿ ಐದು ನಿಂಬೆಹಣ್ಣು ಇಟ್ಟಿದ್ದೆ. ಪಾನಕಕ್ಕೆ ಅಂತ ಈಗ ನೋಡಿದ್ರೆ ನಾಲ್ಕೇ ಇದೆ. ಇಲಿ ಹೊತ್ಕೊಂಡು ಹೋಯ್ತೋ ಏನೋ."

ಷೆಡ್ಡಿನ ಬೀಗದ ಕೈ ಮನೆಯ ಹಾಲಿನಲ್ಲಿ, ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿರುತ್ತದೆಂದು ತಿಳಿಯಿತು. ಹಿಂದಿನ ದಿನ ಊಟಕ್ಕಿದ್ದವರು ರಾಯರ ದಂಪತಿ, ಭೋಜರಾಜ, ರಾಯರ ತಮ್ಮ ಸತ್ಯಾತ್ಮ, ಮತ್ತು ಕಂಪನಿಯ ಪರವಾಗಿ ಬಂದಿದ್ದ ಲಿಖಿತ್. ಊಟವಾದ ಮೇಲೆ ರಾಯರ ದಂಪತಿ ಒಳಕೋಣೆಯಲ್ಲಿ ಮಲಗಿದರು, ಸತ್ಯಾತ್ಮ ಹಾಲಿನಲ್ಲಿ. ಮುಂಬಾಗಿಲಿಗೆ ಹಗಲಲ್ಲಿ ಚಿಲಕವಿಲ್ಲ.

ಸತ್ಯಾತ್ಮ ಇವತ್ತೂ ಹಾಲಿನಲ್ಲೇ ಇದ್ದ, ಪೇಪರಿನ ಹಿಂದೆ.

"ನೋಡಿ, ನನಿಗೆ ಇದೆಲ್ಲ ತೆರಿಯಲೆ, ಗೊತ್ತಿಲ್ಲ. ಊಟ ಆಯ್ತು, ಮಲಗಿದೆ, ಮೂರೂವರೆಗೆ ಎದ್ದು ಕಾಫಿ ಕುಡಿದೆ. ಅಣ್ಣ ಆಟಿಕೆ ಮಾಡ್ತಾನೆ, ಆಟಿಕೆ ಮುರಿಯುತ್ತೆ. ಇದರಲ್ಲಿ ಪತ್ತೆ ಮಾಡೋಕೆ ಏನಿದೆ? ನನ್ನ ಕಾರು ಬಿಸಿಲಲ್ಲಿ ಬೇಯ್ತಾ ಇದೆ, ಷೆಡ್ಡಲ್ಲಿ ಆಟಿಕೆ ತಂಪಾಗಿ ನಿಂತಿದೆ. ಅದನ್ನ ಪತ್ತೆ ಮಾಡಿ."

"ಅದು ಓಡೋದನ್ನ ಪೂರ್ತಿ ನೋಡಿದ್ದೀರಾ?"

"ಎರಡು ನಿಮಿಷ ನೋಡಿದೆ. ಪೋದುಂ, ಸಾಕು."

ಹತ್ತರ ಹೊತ್ತಿಗೆ ಲಿಖಿತ್ ಬಂದ. ಮೂವತ್ತರ ಆಸುಪಾಸು, ಇಸ್ತ್ರಿ ಅಂಗಿ, ಹೆಗಲಲ್ಲಿ ಕ್ಯಾಮೆರಾ ಚೀಲ. ಬಾಗಿದ ಕಡ್ಡಿಗಳನ್ನು ನೋಡಿ ಅವನ ಮುಖ ನಿಜವಾಗಿಯೂ ಬಿಳಿಚಿಕೊಂಡಿತು.

"ಯಾವೂರಪ್ಪ ನಿಂದು?"

"ಮದ್ದೂರು ಮೇಡಂ. ಅಪ್ಪಂದು ರೈಸ್ ಮಿಲ್ಲಿತ್ತು."

"ನಮ್ಮ ಕಡೆಯೋನೇ! ನಿನ್ನೆ ಪೂಜೆಗೆ ಬಂದಿದ್ಯಂತೆ?"

"ಹೌದು ಮೇಡಂ. ಬರೋ ಹೊತ್ತಿಗೆ ಮಿಷನ್ ನಿಲ್ಲಿಸಿ ಬೊಟ್ಟು ಇಟ್ಟಿದ್ರು. ಇವರ ಮನೇಲಿ ಪೂಜೆ ಆದ್ಮೇಲೆ ಮುಟ್ಟೋ ಹಾಗಿಲ್ವಂತೆ. ನಮ್ಮ ಮಿಲ್ಲಲ್ಲಿ ಉಲ್ಟಾ. ಪೂಜೆ ಆದ ತಕ್ಷಣ ಒಂದು ಸಲ ಓಡಿಸ್ಲೇಬೇಕು, ಇಲ್ಲಾಂದ್ರೆ ಮಿಷನ್ ಮುನಿಸ್ಕೊಳತ್ತೆ ಅಂತಿದ್ರು ಅಪ್ಪ. ಎರಡು ಗಂಟೆಗೆ ಹೊರಟೆ ನಾನು."

"ಈ ಕಡಲನ್ನ ನೀನೂ ನೋಡಿರ್ನಿಲ್ವಾ ಆಗಾದ್ರೆ?"

"ಎರಡು ವಾರದ ಹಿಂದೆ ಒಂದೈದು ನಿಮಿಷ ನೋಡಿದ್ದೆ, ಅಷ್ಟೆ. ಆಕ್ಚುಲಿ ಆಗ್ಲೇ ಫಿದಾ ಆಗ್ಬಿಟ್ಟೆ ಮೇಡಂ. ಇದು ನಮ್ಮ ಲಾಬಿಗೆ ಬಂದ್ರೆ ಜನ ಲಿಫ್ಟ್ ಹತ್ತೋದನ್ನೇ ಮರೀತಾರೆ ಅನ್ಕೊಂಡಿದ್ದೆ. ಅಲೆ ಮೇಲೆ ಅಲೆ ಬಂದು, ಕೊನೇಲಿ ಎಲ್ಲಾ ಸಮ ಆಗಿ ಸುಮ್ನೆ ನಿಂತ್ಬಿಡುತ್ತಲ್ಲ... ಛೆ. ಡೆಲ್ಲಿಯಿಂದ ಬರೋ ಬಾಸ್‌ಗಳಿಗೆ ಈಗ ಏನು ಹೇಳ್ಲಿ?"

"ಏನೂ ಯೋಳ್ಬೇಡ. ಸಂಜೆ ಐದಕ್ಕೆ ಇಲ್ಲಿಗೆ ಬಾ," ಎಂದರು ಬೋರಮ್ಮ.

---

ಬೋರಮ್ಮ ಟಿಪ್ಪಣಿ ಬರೆದುಕೊಳ್ಳುವುದಿಲ್ಲ. ಮನೆಗೆ ಬಂದು ಅನ್ನಕ್ಕಿಟ್ಟ ಮೇಲೆ ನನ್ನನ್ನು ಒರಳಿನ ಮೇಲೆ ಕೂರಿಸಿ, ಕೇಳಿದ್ದನ್ನೆಲ್ಲ ಅವರವರ ದನಿಯಲ್ಲೇ ಒಪ್ಪಿಸಲು ಹೇಳುತ್ತಾರೆ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಒಂದು ವಾರ ಹೊರಗೆ ನಿಂತ ನನ್ನ ವಿದ್ಯೆಗೆ ಇಷ್ಟು ಗೌರವ ಬೇರೆಲ್ಲೂ ಸಿಕ್ಕಿಲ್ಲ.

ಭೋಜರಾಜನಿಂದ ಶುರು ಮಾಡಿದೆ. ರಾಯರ ಎಳೆದ ರಾಗ, ನೀರಜಮ್ಮನವರ ಇಲಿ, ಸತ್ಯಾತ್ಮನ ಪೇಪರಿನ ಹಿಂದಿನ ಮೂಗುದನಿ. ಬೋರಮ್ಮ ಕಣ್ಣು ಮುಚ್ಚಿ ಸೊಪ್ಪು ಬಿಡಿಸುತ್ತಿದ್ದರು. ಲಿಖಿತನ ಮಾತು ಮುಗಿಸಿದಾಗ ಕಣ್ಣು ತೆರೆದರು.

"ಆ ಉಡುಗಂದು ಇನ್ನೊಂದ್ಸಲ ಯೋಳು. ನಿದಾನಕ್ಕೆ."

ಮತ್ತೆ ಹೇಳಿದೆ.

"ಈಗ ಭೋಜರಾಜಂದು. ಶುಕ್ರವಾರದ್ದು ಮಾತ್ರ."

ಅದನ್ನೂ ಹೇಳಿದೆ. ಬೋರಮ್ಮ ಎದ್ದು ಹೋಗಿ ಒಂದು ಹಳೆಯ ಹಿತ್ತಾಳೆ ತಟ್ಟೆಯನ್ನು ತಂದರು. ಅಟ್ಟದ ಮೇಲಿದ್ದು ಕಪ್ಪಾಗಿತ್ತು. ಅರ್ಧ ನಿಂಬೆಹಣ್ಣಿನಿಂದ ಅದರ ಅಂಚನ್ನು ಒಮ್ಮೆ ಉಜ್ಜಿ, ಅದನ್ನು ನನ್ನ ಮುಂದಿಟ್ಟು, ಸಾರಿಗೆ ಒಗ್ಗರಣೆ ಹಾಕಲು ಹೋದರು. ಉಜ್ಜಿದ ಜಾಗ ಫಳಫಳ ಹೊಳೆಯುತ್ತಿತ್ತು.

"ಯಾರಮ್ಮ?" ಎಂದು ಕೂಗಿದೆ.

"ಉಂಡ್ಮೇಲೆ ಯೋಚ್ನೆ ಮಾಡು. ಬರೀ ಒಟ್ಟೇಲಿ ಯಾರ ಮ್ಯಾಲೂ ಅನುಮಾನ ಪಡಬಾರ್ದು."

---

ಐದು ಗಂಟೆಗೆ ಎಲ್ಲರೂ ಷೆಡ್ಡಿನಲ್ಲಿ ಸೇರಿದರು. ರಾಯರು ಸ್ಟೂಲಿನ ಮೇಲೆ, ನೀರಜಮ್ಮ ಅವರ ಹಿಂದೆ, ಸತ್ಯಾತ್ಮ ಗೋಡೆಗೆ ಒರಗಿ, ಲಿಖಿತ್ ಬಾಗಿಲ ಬಳಿ. ಭೋಜರಾಜ ಹೊಸ್ತಿಲು ದಾಟಲಿಲ್ಲ.

"ನಿನ್ನೆ ಮಧ್ಯಾಹ್ನ ಈ ಚಕ್ರ ಓಡೈತೆ," ಎಂದು ಬೋರಮ್ಮ ಶುರು ಮಾಡಿದರು.

"ಸಾಧ್ಯವೇ ಇಲ್ಲ," ಎಂದರು ರಾಯರು. "ಪೂಜೆ ಆದ ಮೇಲೆ ಈ ಮನೆಯಲ್ಲಿ ಸ್ಕ್ರೂಡ್ರೈವರ್ ಕೂಡ ಯಾರೂ ಎತ್ತೋದಿಲ್ಲ."

"ನೀರಜಮ್ಮ ಇಟ್ಟಿದ್ದು ಒಂದೇ ಬೊಟ್ಟು, ನೆತ್ತಿ ಮ್ಯಾಲೆ. ಈಗ ಎರಡು ಗುರುತೈತೆ. ನೆತ್ತಿ ಮ್ಯಾಗಿಂದು ಬರೀ ಕುಂಕುಮ, ಗಂಧ ಇಲ್ಲ. ನಾಲ್ಕರ ಜಾಗದಲ್ಲಿ ಒರೆಸಿರೋದೇ ನೀರಜಮ್ಮಂದು. ಅಲ್ಲಿ ಕಪ್ಪಿನ ಸಂದಿಯೊಳಗೆ ಗಂಧದ ಪುಡಿ ಇನ್ನೂ ಕುಂತೈತೆ, ನೋಡ್ಕಳಿ. ಅಂದ್ರೆ ಚಕ್ರ ತಿರುಗ್ತು, ಬೊಟ್ಟು ಕೆಳಕ್ಕಿಳೀತು. ಓಡ್ಸಿದೋರು ಅದನ್ನ ಕಂಡು ಗಾಬರಿ ಬಿದ್ದು, ಒರೆಸಿ, ನೆತ್ತಿ ಮ್ಯಾಲೆ ಹೊಸದು ಇಟ್ರು. ತಟ್ಟೇಲಿ ಕುಂಕುಮ ಇತ್ತು. ಗಂಧ ಒಣಗೋಗಿತ್ತು."

ರಾಯರು ಎದ್ದು ಚಕ್ರದ ಬಳಿ ಹೋಗಿ, ಕನ್ನಡಕ ಹಣೆಗೇರಿಸಿ ನೋಡಿದರು. ಮತ್ತೆ ಬಂದು ಕೂತರು.

"ಗಂಧ ಇಲ್ಲದೆ ಬೊಟ್ಟಿಡೋರು ಈ ಮನೇಲಿ ಯಾರೂ ಇಲ್ಲ ಅಂತ ನೀರಜಮ್ಮನೇ ಯೋಳಿದ್ರು. ಅಲ್ಲಿಗೆ ರಾಯರು, ಅಮ್ಮ, ಸತ್ಯಾತ್ಮ, ಮೂವರೂ ಪಕ್ಕಕ್ಕೋದ್ರು. ಇನ್ನು ಎಷ್ಟೊತ್ತು ಓಡ್ತು? ಗಂಟೆಗೆ ಒಂದು ಸುತ್ತು ಓಗೋ ಚಕ್ರದಲ್ಲಿ ಬೊಟ್ಟು ನಾಲ್ಕರ ಜಾಗಕ್ಕೆ ಬಂದ್ರೆ ಇಪ್ಪತ್ತು ನಿಮಿಷ. ಸರಿಯಾಗಿ ಒಂದು ಆಟ. ಕೆಡಿಸೋಕೆ ಬಂದೋನು ಇಪ್ಪತ್ತು ನಿಮಿಷ ಯಾಕೆ ನಿಲ್ತಾನೆ? ಒಂದು ಸುತ್ತಿಗೆ ಏಟು ಸಾಕು. ಇವನು ಕೆಡಿಸೋಕೆ ಬಂದಿರ್ನಿಲ್ಲ. ನೋಡೋಕೆ ಬಂದಿದ್ದ. ರಾಯರೂ ಭೋಜರಾಜನೂ ಆ ಆಟವ ನೂರು ಸಲ ನೋಡವ್ರೆ. ಸತ್ಯಾತ್ಮರಿಗೆ ನೋಡೋದೇ ಬೇಡ."

"ಅಬ್ಬ, ನನ್ನ ಉದಾಸೀನಕ್ಕೂ ಒಂದು ಬೆಲೆ ಬಂತು," ಎಂದ ಸತ್ಯಾತ್ಮ. ನೀರಜಮ್ಮ ಅವನನ್ನು ಕಣ್ಣಲ್ಲೇ ಸುಮ್ಮನಾಗಿಸಿದರು.

"ಮತ್ತೆ ನಟ್ಟು?" ಎಂದರು ರಾಯರು.

"ಅದಕ್ಕೇ ಬಂದೆ. ಹತ್ತರ ಜಾಗದಲ್ಲಿ ಅಂಚು ಮಿಂಚ್ತೈತಲ್ಲ, ಕಪ್ಪಾದ ಹಿತ್ತಾಳೆ ಅಂಗೆ ಬೆಳಗೋದು ಹುಳಿಗೆ. ಆಟ ಶುರುವಾದಾಗ ತಳದಲ್ಲಿದ್ದ ಅಂಚು ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಅಲ್ಲಿಗೆ ಬತ್ತದೆ. ಅಂದ್ರೆ ಶುರುವಿನಲ್ಲಿ ಚಕ್ರದ ಅಡಿಗೆ ಹುಳಿ ಏನೋ ಇತ್ತು. ಐದು ನಿಂಬೆಹಣ್ಣಲ್ಲಿ ಒಂದಿಲ್ಲ. ಪೂಜೆ ಮಾಡಿದ ಗಾಲಿ ನಿಂಬೆಹಣ್ಣಿನ ಮ್ಯಾಲೆ ಅತ್ತಿ ಓಗಬೇಕು. ಕಾರಿಗೆ, ಲಾರಿಗೆ ಎಲ್ಲಾರೂ ಮಾಡ್ತಾರೆ. ಆದ್ರೆ ಲಾರಿ ಟೈರಿಗೆ ಆಗೋದು ಈ ಚಕ್ರಕ್ಕೆ ಆಗಕಿಲ್ಲ. ಎರಡು ಬೆರಳು ಸಂದು, ಮೂರು ಬೆರಳು ದಪ್ಪದ ಹಣ್ಣು. ಹಣ್ಣು ಒಳಕ್ಕೆ ಓಗ್ತಾ ಓಗ್ತಾ ಚಕ್ರನೇ ಎತ್ತಿಬಿಡ್ತು. ಬೇರಿಂಗಿನ ನಟ್ಟು ಸಡಿಲ ಆಯ್ತು. ಆವಾಗ ಕಾಣ್ನಿಲ್ಲ. ಬೆಳಿಗ್ಗೆ ಸ್ವಿಚ್ ಹಾಕಿದಾಗ ಕಡ್ಡಿಗೆ ಕಡ್ಡಿ ಬಡೀತು. ಈ ಸಂದು ಎಷ್ಟೈತೆ ಅಂತ ಬಲ್ಲ ಭೋಜರಾಜ ಅಲ್ಲಿ ಹಣ್ಣಿಡ್ತಾನಾ? ಅವನು ಕಡ್ಲೆಕಾಳು ಸೈತ ಬಿಡಕಿಲ್ಲ."

ಈಗ ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು. ಲಿಖಿತ್ ತನ್ನ ಕ್ಯಾಮೆರಾ ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದಿದ್ದ.

"ಪಾವನಾ, ಈವಯ್ಯ ಬೆಳಿಗ್ಗೆ ಕೊನೆಗೆ ಏನಂದ?"

ನಾನು ಅವನ ದನಿಯಲ್ಲೇ ಹೇಳಿದೆ: "'ಅಲೆ ಮೇಲೆ ಅಲೆ ಬಂದು, ಕೊನೇಲಿ ಎಲ್ಲಾ ಸಮ ಆಗಿ ಸುಮ್ನೆ ನಿಂತ್ಬಿಡುತ್ತಲ್ಲ... ಛೆ.'"

ರಾಯರು ತಲೆಯೆತ್ತಿದರು. "ಅದು ಶುಕ್ರವಾರ ಸಾಯಂಕಾಲದವರೆಗೆ ಇರಲೇ ಇಲ್ಲವಲ್ಲ!"

"ಇರ್ನಿಲ್ಲ. ಶುಕ್ರವಾರ ಭೋಜರಾಜ ಕಚ್ಚು ಉಜ್ಜಿದ. ನೋಡಿದ್ದು ನೀವಿಬ್ರೇ. ಶನಿವಾರ ಈವಯ್ಯ ಬರೋ ಹೊತ್ಗೆ ಮಿಷನ್ ನಿಂತಿತ್ತು. ಎರಡು ವಾರದ ಹಿಂದೆ ಐದು ನಿಮಿಷ ನೋಡಿದೋನಿಗೆ ಅದು ನಿಲ್ಲೋದು ಎಂಗೆ ಗೊತ್ತಾಯ್ತು?"

ಲಿಖಿತ್ ಚೀಲವನ್ನು ಕೆಳಗಿಟ್ಟ.

"ಡೆಲ್ಲಿಯವರಿಗೆ ವಿಡಿಯೊ ಬೇಕಿತ್ತು, ಶನಿವಾರ ಸಂಜೆ ಒಳಗೆ. ನಾಳೆ ನಾಳೆ ಅಂತ ನಾನೇ ತಡ ಮಾಡಿದ್ದೆ. ರಾಯರ ಹತ್ರ ಕೇಳೋಕೆ ಧೈರ್ಯ ಬರ್ಲಿಲ್ಲ. ಎಲ್ಲ ಮಲಗಿದ್ರು, ಕೀ ಎದುರಿಗೇ ಇತ್ತು. ನಿಂಬೆಹಣ್ಣು ಕೆಡಿಸೋಕೆ ಇಟ್ಟಿದ್ದಲ್ಲ ಮೇಡಂ, ದೇವರಾಣೆ. ಪೂಜೆ ಆಗಿರೋ ಗಾಲಿನ ಹಾಗೇ ಓಡಿಸೋಕೆ ಭಯ ಆಯ್ತು. ಉಳಿದ ಸಿಪ್ಪೆ ಬಾಚಿ, ಪೀಠ ಒರೆಸ್ದೆ. ಬೊಟ್ಟು ಕೆಳಗ್ ಬಂದಿತ್ತು, ಅದನ್ನೂ..."

"ಇನ್ನೆರಡು ಆಟ ಸುಮ್ನೆ ಕುಂತು ನೋಡಿದ್ರೆ ಅದೇ ಮ್ಯಾಲಕ್ಕೆ ಬತ್ತಿತ್ತು ಕಣಪ್ಪ."

ಲಿಖಿತ್ ಚಕ್ರದ ನೆತ್ತಿಯ ಕಡೆ ನೋಡಿದ. ಅದು ಅವನಿಗೆ ಹೊಳೆದೇ ಇರಲಿಲ್ಲ.

"ಮುರೀತು ಅಂತ ನಂಗೆ ಗೊತ್ತಿರ್ಲಿಲ್ಲ ಮೇಡಂ."

"ಒಪ್ಕಂಡೆ. ಬೆಳಿಗ್ಗೆ ಹತ್ತಕ್ಕೆ ಗೊತ್ತಾಯ್ತಲ್ಲ? ಇವನನ್ನ ಓಡಿಸವ್ರೆ ಅಂತಾನೂ ಗೊತ್ತಾಯ್ತಲ್ಲ? ಐದು ಗಂಟೆವರೆಗೂ ಬಾಯಿ ಎಲ್ಲಿಟ್ಟಿದ್ದೆ?"

ರಾಯರು ಸ್ಟೂಲಿನಿಂದ ಎದ್ದು ಹೊಸ್ತಿಲಿನವರೆಗೆ ಬಂದರು.

"ಭೋಜರಾಜಾ. ನನ್ನದು ತಪ್ಪಾಯ್ತಪ್ಪಾ. ಒಳಗೆ ಬಾ."

ಭೋಜರಾಜ ಕದಲಲಿಲ್ಲ.

"ಒಳಗೆ ಹೇಳಿದ್ದು ಒಳಗೇ ಇರ್ತದೆ ಸಾಮಿ. ನೀವು ಬೆಳಿಗ್ಗೆ ಹೇಳಿದ್ದು ಹೊರಗೆ."

"ಅಣ್ಣಾ, ಅಷ್ಟೆಲ್ಲ ಬೇಕಾ?" ಎಂದು ಸತ್ಯಾತ್ಮ ಬಾಯಿ ತೆಗೆದ, ರಾಯರು ಕೈ ಎತ್ತಿ ತಡೆದರು. ಹೆಗಲ ಶಲ್ಯವನ್ನು ಸರಿಪಡಿಸಿಕೊಂಡು ಗೇಟು ದಾಟಿ ನಡೆದರು. ನಾವೆಲ್ಲ ಹಿಂದೆ ಹೋದೆವು.

ಟೀ ಅಂಗಡಿಯ ಮುಂದೆ ಆರೇಳು ಜನರಿದ್ದರು: ಪಕ್ಕದ ಲೇತಿನವರು, ಇಬ್ಬರು ಆಟೋದವರು, ವೆಲ್ಡಿಂಗ್ ಅಂಗಡಿಯ ಯಜಮಾನ. ರಾಯರು ಅವರೆದುರು ನಿಂತು, ಎಲ್ಲರಿಗೂ ಕೇಳುವ ಹಾಗೆ ತಮಿಳಿನಲ್ಲೇ ಹೇಳಿದರು: "ಇವನ್ ಮೇಲೆ ತಪ್ಪಿಲ್ಲೆ. ಇವನ್ ಕುಡಿಕ್ಕಿರವನ್ ಇಲ್ಲೆ. ಕಾಲೈಲೆ ನಾನ್ ಸೊನ್ನದು ಪೊಯ್." ತಪ್ಪು ಇವನದಲ್ಲ, ಇವನು ಕುಡಿಯುವವನಲ್ಲ, ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು.

ಟೀ ಮಾಸ್ಟರು ಬಟ್ಟಲನ್ನು ಎತ್ತಿಹಿಡಿದವನು ಹಾಗೇ ನಿಂತ. "ಅಪ್ಪೊ ಯಾರು?" ಹಾಗಾದರೆ ಯಾರು ಎಂದು ಕೇಳಿದ.

ರಾಯರು ಯಾರ ಹೆಸರೂ ಹೇಳಲಿಲ್ಲ. ಲಿಖಿತ್ ನೆಲ ನೋಡುತ್ತಿದ್ದವನು ಎರಡು ಹೆಜ್ಜೆ ಮುಂದೆ ಬಂದು, ತನಗೆ ಬರುವ ಅರೆಬರೆ ತಮಿಳಿನಲ್ಲಿ, "ನಾನ್ ದಾನ್," ನಾನೇ, ಎಂದ.

ವೆಲ್ಡಿಂಗ್ ಅಂಗಡಿಯ ಯಜಮಾನ ಬೆಂಚಿನಲ್ಲಿ ಸರಿದು ಭೋಜರಾಜನಿಗೆ ಜಾಗ ಮಾಡಿದ. ಅವನು ಕೂರಲಿಲ್ಲ. ತಿರುಗಿ ಷೆಡ್ಡಿಗೆ ನಡೆದು, ಹೊಸ್ತಿಲು ದಾಟಿ, ಅಂಗಿಯ ತೋಳು ಮಡಚಿದ. ಮೊದಲನೆಯ ಸೊಟ್ಟ ಕಡ್ಡಿಯನ್ನು ಬಿಚ್ಚಿ ಕಬ್ಬಿಣದ ಅಡಿಗಲ್ಲಿನ ಮೇಲಿಟ್ಟು ಕಣ್ಣಳತೆಯಲ್ಲಿ ನೋಡಿದ.

"ಸಾರ್," ಎಂದು ಲಿಖಿತನನ್ನು ಕರೆದ. "ಆ ತುದಿ ಹಿಡ್ಕೊಳ್ಳಿ. ಎರಡೂ ಕೈಲಿ. ಅಲ್ಲಾಡಿಸಬೇಡಿ."